ಎಲ್ಲಿಗೆ ಎಂದು ಕೇಳುವ ಬಟನ್

ಬೇರೆಯವರ ಮಾತನ್ನು ಕದ್ದು ಕೇಳಿ ಬರೆಯುತ್ತಿದ್ದೇನೆ, ಕ್ಷಮೆಯಿರಲಿ. ಅಜ್ಜಂಪುರದ ಬಸ್ ನಿಲ್ದಾಣದಲ್ಲಿ ಅನಿತಾ ತಾನೇ ಮಾಡಿದ ವಿಡಿಯೊ ಗೇಮನ್ನು ತಾಯಿ ಕರಿಬಸಮ್ಮನವರಿಗೆ ಫೋನಿನಲ್ಲಿ ತೋರಿಸುತ್ತಿದ್ದಳು. ಮೂರು ವರ್ಷದಿಂದ ಕಾಣೆಯಾಗಿರುವ ಅಣ್ಣ ಹಾಲೇಶ್ ಮನೆಯಿಂದ ಹೊರಟ ದಿನವೇ ಅದರ ಕಥೆ.

“ಅಯ್ಯೋ, ನನ್ನನ್ನ ಇಷ್ಟು ದಪ್ಪ ಮಾಡಿದ್ದೀಯಲ್ಲೇ!”

“ಇದ್ದಂಗೇ ಬಿಡ್ಸಿದ್ದೀನಿ ಕಣಮ್ಮ.”

“ಹೊಸ್ಲು ದಾಟ್ತಾವ್ನೆ. ಎಲ್ಲಿಗೆ ಅಂತ ಕೇಳೋಕೆ ಯಾವ್ದು ಒತ್ಬೇಕು?”

“ಅದಿಲ್ಲ. ಅವತ್ತು ನೀನು ಕೇಳ್ಲಿಲ್ಲ.”

“ಹೊರಟೋರ್ನ ಎಲ್ಲಿಗೆ ಅನ್ನಬಾರ್ದು, ಅಪಶಕುನ ಅಂತ ಸುಮ್ನಿದ್ದೆ ಕಣೇ. ಇದ್ರಲ್ಲಾದ್ರೂ ಕೇಳ್ತೀನಿ, ಒಂದು ಬಟನ್ ಇಡು.”

“ಇಟ್ರೆ ಏನು ಉತ್ರ ಬರೀಲಿ? ನಂಗೂ ಗೊತ್ತಿಲ್ವಲ್ಲಮ್ಮ.”

ತರೀಕೆರೆ ಬಸ್ಸು ಬಂತು. ಕರಿಬಸಮ್ಮ ಆಟವನ್ನು ಮತ್ತೆ ಮೊದಲಿನಿಂದ ಆಡುತ್ತಲೇ ಹತ್ತಿದರು. ಅನಿತಾ ಬಟನ್ ಇಟ್ಟಳೋ, ಹಾಲೇಶ್ ಎಲ್ಲಿಗೆ ಹೋದನೋ, ನನಗೆ ತಿಳಿಯದು.