ಅಮ್ಮ ಹತ್ತುವ ಎತ್ತರ

ಗ್ಯಾರೇಜಿನ ಬೆಂಚಿನಲ್ಲಿ ಸ್ಕೂಟರಿಗಾಗಿ ಕಾಯುತ್ತಿದ್ದ ನರ್ಸಮ್ಮನ ಕಿವಿ ಪಕ್ಕದ ವ್ಯಾನಿನ ಕಡೆಗಿತ್ತು. ಹಾಸಿಗೆ, ಒಲೆ ಎಲ್ಲ ಇದ್ದ ಹಳೇ ಪ್ರವಾಸದ ವ್ಯಾನು. ಹಿಂಭಾಗ ಮಾತ್ರ ನೆಲದತ್ತ ಕುಸಿದಿತ್ತು.

"ಹಿಂದಿನ ಸ್ಪ್ರಿಂಗ್ ಪ್ಲೇಟುಗಳು ಸೋತಿವೆ. ಹೊಸದು ಹಾಕಿದ್ರೆ ನಾಲ್ಕು ಬೆರಳು ಮೇಲೇಳುತ್ತೆ," ಎಂದ ಮೆಕ್ಯಾನಿಕ್.

"ಹಾಕಿಬಿಡಿ," ಎಂದ ವ್ಯಾನಿನವನು.

"ಬೇಡಣ್ಣ," ಎಂದಳು ಅವನ ತಂಗಿ.

"ಗುಂಡಿ ಸಿಕ್ಕಲ್ಲೆಲ್ಲ ತಳ ಉಜ್ಜುತ್ತೆ ಕಣೇ."

"ಅದು ಕುಸಿದಿರೋದಕ್ಕೇ ಅಮ್ಮ ಹಿಂದಿನ ಬಾಗಿಲಲ್ಲಿ ಹತ್ತೋದು. ಮೇಲೆದ್ರೆ ಆ ಮಂಡಿನೋವಲ್ಲಿ ಆಗಲ್ಲ."

"ನಾನೇ ಎತ್ತಿ ಕೂರಿಸ್ತೀನಿ."

"ಎತ್ತಿಸ್ಕೊಳ್ಳೋಳಾ ಅವಳು? ನೀವೇ ಹೋಗ್ಬನ್ನಿ ಅಂತಾಳೆ."

ಅಣ್ಣ ಬಗ್ಗಿ ಹಿಂದಿನ ಬಾಗಿಲಿನ ಎತ್ತರ ನೋಡಿದ.

"ಮಡಚೋ ಮೆಟ್ಟಿಲು ಕೂರಿಸ್ಲಾ?" ಎಂದ ಮೆಕ್ಯಾನಿಕ್.

"ಯಾರಿಗೆ ಅಂತ ಕೇಳ್ತಾಳಲ್ಲ," ಎಂದಳು ತಂಗಿ.

"ಈ ಹೊಟ್ಟೆ ಹೊತ್ತು ಹತ್ತೋಕೆ ನನಗೇ ಬೇಕು ಅನ್ನು," ಎಂದ ಅಣ್ಣ, ತನ್ನ ಡೊಳ್ಳು ಹೊಟ್ಟೆ ತಟ್ಟಿಕೊಂಡು.

"ಅಂತೂ ಆ ಹೊಟ್ಟೆ ಒಂದು ಕೆಲಸಕ್ಕೆ ಬಂತು."

ಮೆಟ್ಟಿಲಿನ ಎತ್ತರ ತೋರಿಸಲು ಅಣ್ಣ ತಂಗಿ ಇಬ್ಬರೂ ವ್ಯಾನಿನ ಹಿಂದಕ್ಕೆ ಹೋದರು.