ಎರಡನೇ ನಂಬರ್ ಪಂಪಿನ ಸದ್ದು

ಅಯ್ಯೋ, ಬೇಡ ಮಹಾಬಲಣ್ಣ, ನೀವು ಏಳ್ಬೇಡಿ! ಫ್ಯಾನ್ ನಾನೇ ಹಾಕ್ಕೋತೀನಿ. ಈ ವಿಜಯವಾಡದ ಸೆಖೆ ನೋಡಿ, ನಮ್ಮ ವೈಜಾಗಲ್ಲಿ ಬರೀ ಬೆವರು, ಇಲ್ಲಿ ಪ್ರಾಣಾನೇ ಹೋಗುತ್ತೆ... ಯಾಕೆ ನಗ್ತೀರಿ? ಓ! ಬಾಯ್ಲರ್ ಪಕ್ಕ ಮೂವತ್ನಾಲ್ಕು ವರ್ಷ ನಿಂತವರ ಮುಂದೆ ಸೆಖೆ ಅಂತಿದೀನಿ ಅಂತಾನಾ? ನಗಿ, ನಗಿ. ನೀವು ನಕ್ಕಿದ್ದು ನೋಡಿ ಎರಡು ತಿಂಗಳಾಯ್ತು.

ಹೇಳದೆ ಬಂದ್ಬಿಟ್ಟೆ, ಬೇಜಾರಿಲ್ಲ ತಾನೆ? ಫೋನ್ ಮಾಡಿದ್ರೆ ಬರಬೇಡ ಅಂತೀರೇನೋ ಅಂತ ಹೆದರಿಕೆ. ಬೆಳಗ್ಗೆ ಎದ್ದೋಳೇ ಮಧುರವಾಡದಿಂದ ಆಟೋ ಹಿಡಿದು ಟ್ರೈನ್ ಹತ್ತಿದೆ. ನಿಮ್ಮ ಮಗಳು ಬಾಗಿಲು ತೆಗೆದು 'ಎವರು ಕಾವಾಲಂಡಿ', ಯಾರು ಬೇಕು ಅಂದ್ಲು. ನಾನು ಅಪೂರ್ವಾ, ನಿಮ್ಮಪ್ಪನ ಜೊತೆ ಪರವಾಡದ ಫ್ಯಾಕ್ಟರೀಲಿ ಇದ್ದೆ, ಕಂಪ್ಯೂಟರ್ ಕಡೆಯೋಳು ಅಂದೆ. ಚಿತ್ರಾ ಮುಖ ಹೇಗಾಯ್ತು ಅಂತೀರಿ! ಒಳಗೆ ಬನ್ನಿ ಅಂತ ಬಾಯಲ್ಲಿ ಅಂದ್ಲು, ಅಷ್ಟೇ. ತಪ್ಪಿಲ್ಲ ಬಿಡಿ. ಅಪ್ಪನ್ನ ಸಸ್ಪೆಂಡ್ ಮಾಡಿ ಮನೇಲಿ ಕೂರಿಸಿದ ಫ್ಯಾಕ್ಟರಿಯಿಂದ ಬಂದೋಳಿಗೆ ಆರತಿ ಎತ್ತಬೇಕಿತ್ತಾ?

ಇದು ಬೆಲ್ಲ. ಅನಕಾಪಲ್ಲೀದೇ. ಕ್ಯಾಂಟೀನ್ ಟೀಗೆ ಸಕ್ಕರೆ ಬೇಡ ಅಂತ ಜೇಬಿಂದ ಕಾಗದದ ಪೊಟ್ಟಣ ತೆಗೀತಿದ್ರಲ್ಲ, ಅದೇ ಅಂಗಡೀದು. ತಗೊಳ್ಳಿ. ತಗೊಳ್ಳಿ ಅಂದ್ರೆ... ಸರಿ, ಇಲ್ಲೇ ಇಟ್ಟಿರ್ತೀನಿ.

ಅಖಿಲ ಹೇಗಿದಾನೆ ಅಂತಾನಾ? ಪರ್ವಾಲೇದು. ಛೇ, ನೋಡಿ, ತೆಲುಗೇ ಬರುತ್ತೆ ಬಾಯಿಗೆ. ಪರವಾಗಿಲ್ಲ ಅವನು. ಮೊನ್ನೆ ಆಸ್ಪತ್ರೆಗೆ ಹೋಗಿದ್ದೆ. ಸುಟ್ಟ ಚರ್ಮ ಕೂಡ್ಕೋತಿದೆ ಅಂತೆ. ಬಲಗೈ ಬೆರಳು ಮಡಿಸ್ತಾನೆ... ಮೂರು ಮಡಿಸ್ತಾನೆ. ಇನ್ನೆರಡು ನೋಡೋಣ ಅಂತಾರೆ ಡಾಕ್ಟರು. ಫಿಟ್ಟರ್ ಅವನು, ಆ ಎರಡು ಬೆರಳಿಲ್ದೆ ಸ್ಪ್ಯಾನರ್ ಹೇಗೆ ಹಿಡೀತಾನೆ ಹೇಳಿ? ಅವನ ಹೆಂಡತಿ ನನಗೆ ಎಳನೀರು ಕೊಟ್ಲು. ನನಗೆ! ಕುಡಿದೆ. ಅವನು ನಿಮ್ಮನ್ನೇ ವಿಚಾರಿಸ್ತಿದ್ದ, 'ಮಹಾಬಲಂ ಗಾರು ಎಲಾ ಉನ್ನಾರು', ಹೇಗಿದಾರೆ ಅಂತ. ಸಿಟ್ಟಿಲ್ಲ ಅವನಿಗೆ. ಪಂಪು ಒಡೆದು ಬಿಸಿನೀರು ಎರಚಿದ್ದಕ್ಕೆ ದೊಡ್ಡವರೇನು ಮಾಡ್ತಾರೆ ಅಂದ.

ಕಾಫಿ ಬೇಡ, ಚಿತ್ರಾಗೆ ತೊಂದರೆ ಕೊಡ್ಬೇಡಿ. ನಾಲ್ಕು ಗಂಟೆ ಟ್ರೈನಿಗೆ ವಾಪಸ್ ಹೋಗ್ಬೇಕು. ಅದಕ್ಕೆ ವಿಷಯಕ್ಕೆ ಬಂದ್ಬಿಡ್ತೀನಿ... ಅಮೋಘ ಸರ್ ಒಂದು ಕಾಗದ ಕೊಟ್ಟಿದಾರೆ. ಅವರಿಗೆ ನಿಮ್ಮ ಮೇಲೆ ತುಂಬಾ ಗೌರವ, ಗೊತ್ತಲ್ಲ? ಪ್ಲಾಂಟ್ ಮ್ಯಾನೇಜರ್ ಆಗಿದ್ರೂ ನಿಮ್ಮನ್ನ 'ಗುರುಗಳೇ' ಅಂತಿದ್ರು. ಇಂಗ್ಲಿಷಲ್ಲಿದೆ, ನಾನು ಕನ್ನಡದಲ್ಲಿ ಹೇಳ್ತೀನಿ. ಸಣ್ಣ ಕಾಗದ, ನಾಲ್ಕೇ ಸಾಲು. ಹೂಂ... 'ವಯಸ್ಸಿನ ಕಾರಣದಿಂದ ನನ್ನ ಕಿವಿ ಮಂದವಾಗಿದ್ದು, ಎರಡನೇ ನಂಬರ್ ಪಂಪಿನ ಬೇರಿಂಗಿನ ಸದ್ದನ್ನು ಸರಿಯಾಗಿ ಅಂದಾಜು ಮಾಡಲಾಗದೆ, ಕಂಪ್ಯೂಟರ್ ಕೊಟ್ಟ ಹನ್ನೊಂದು ಎಚ್ಚರಿಕೆಗಳನ್ನು ಸುಳ್ಳೆಂದು ಗುರುತಿಸಿದ್ದೇನೆ. ಇದರಲ್ಲಿ ದುರುದ್ದೇಶವಿರಲಿಲ್ಲ.' ಅಷ್ಟೇ. ಕೆಳಗೆ ಸಹಿ.

ಸಹಿ ಹಾಕಿದ್ರೆ ಮುಗೀತು ಮಹಾಬಲಣ್ಣ. ಮರ್ಯಾದೆಯಿಂದ ನಿವೃತ್ತಿ. ಹಾಕ್ಲಿಲ್ಲ ಅಂದ್ರೆ ಸೋಮವಾರ ವರದಿ ಬಾಯ್ಲರ್ ಇನ್ಸ್‌ಪೆಕ್ಟರ್ ಆಫೀಸಿಗೆ ಹೋಗುತ್ತೆ. ಬೇಜವಾಬ್ದಾರಿ ಅಂತ ಬರೆದು ನಿಮ್ಮ ಬಾಯ್ಲರ್ ಸರ್ಟಿಫಿಕೇಟ್ ಕಿತ್ಕೋತಾರೆ. ದಾಂಡೇಲೀಲಿ ಇಪ್ಪತ್ಮೂರನೇ ವಯಸ್ಸಿಗೆ ಪರೀಕ್ಷೆ ಕಟ್ಟಿ ತಗೊಂಡಿದ್ದು ಅಂತ ಎಷ್ಟು ಸಲ ಹೇಳಿದೀರಿ ನನಗೆ. ಅದು ಹೋಗೋದು ಬೇಡ. ಅದಕ್ಕೇ ನಾನೇ ತಗೊಂಡು ಹೋಗ್ತೀನಿ ಅಂತ ಒಪ್ಕೊಂಡೆ. ನನ್ನ ಮಾತು ಕೇಳ್ತೀರಿ ಅಂತ...

ಏನು? ಶ್ ಅಂತೀರಾ? ಏನಾಯ್ತು? ನನಗೇನೂ ಕೇಳಿಸ್ತಿಲ್ಲ. ಕೆಳಗಡೆ... ನೀರಿನ ಮೋಟಾರಾ? ಬೇರಿಂಗ್ ಒಣಗಿದೆ ಅಂತೀರಾ? ಇಲ್ಲಿಂದಲೇ? ಮೂರನೇ ಮಹಡಿಯಿಂದ, ಫ್ಯಾನ್ ತಿರುಗ್ತಾ ಇರೋವಾಗ?

ಗೊತ್ತು ಮಹಾಬಲಣ್ಣ. ನಿಮ್ಮ ಕಿವಿಗೆ ಏನೂ ಆಗಿಲ್ಲ ಅಂತ ನನಗೆ ಗೊತ್ತಿಲ್ವಾ? ಬರೀ ಕಾಗದದ ಮಾತು ಇದು. ಅವರಿಗೊಂದು ಕಾರಣ ಬೇಕು, ಅಷ್ಟೇ. ಹಾಗೆ ನೋಡ್ಬೇಡಿ ನನ್ನ.

ನಾನು ಹೊಸದಾಗಿ ಬಂದಾಗ ನೆನಪಿದೆಯಾ? ಲ್ಯಾಪ್‌ಟಾಪ್ ಹಿಡ್ಕೊಂಡು ಬಾಯ್ಲರ್ ಹೌಸಿಗೆ ಬಂದು, ಪಂಪಿನ ನಡುಕ ಅಳೆದು ಅದು ಕೆಡೋ ಮೊದಲೇ ಕಂಪ್ಯೂಟರ್ ಹೇಳುತ್ತೆ ಅಂತ ಭಾಷಣ ಬಿಗಿದಿದ್ದೆ. ಎಲ್ಲರೂ ನಕ್ಕಿದ್ರು. ನೀವು ನಗ್ಲಿಲ್ಲ. ಉದ್ದನೆ ಸ್ಕ್ರೂಡ್ರೈವರ್ ತಂದು, ತುದಿ ಬೇರಿಂಗ್ ಮೇಲೆ ಇಟ್ಟು, ಹಿಡಿ ನನ್ನ ಕಿವಿಗೆ ಒತ್ತಿ, 'ಮೊದಲು ಇದನ್ನ ಕೇಳು, ಆಮೇಲೆ ಕಂಪ್ಯೂಟರಿಗೆ ಕಲಿಸು' ಅಂದ್ರಿ. ಅವತ್ತಿಂದ ದಿನಾ ಸಂಜೆ ಅದೇ ಕೆಲಸ ನಮ್ಮದು. ಪರದೆ ಮೇಲೆ ಎಚ್ಚರಿಕೆ ಬಂದಿರೋದು ನಾನು ಓದೋದು, ನೀವು ಹೋಗಿ ಕಿವಿ ಇಟ್ಟು ಬಂದು 'ನಿಜ' ಇಲ್ಲಾ 'ಸುಳ್ಳು' ಅನ್ನೋದು, ನಾನು ಒತ್ತೋದು. ಆಪರೇಟರ್ ಹೆಸರಲ್ಲೇ ಒತ್ತಬೇಕು ಅಂತ ರೂಲು. 'ನಂಗೆ ಈ ಪರದೆ ಸಹವಾಸ ಬೇಡ ಮಾರಾಯ್ತಿ' ಅಂತ ಪಾಸ್‌ವರ್ಡೇ ಕೊಟ್ಬಿಟ್ರಿ. ಎಷ್ಟು ಚೆನ್ನಾಗಿ ಕಲೀತು ಕಂಪ್ಯೂಟರ್, ಅಲ್ವಾ? ಎಂಟು ತಿಂಗಳಲ್ಲಿ ಅರ್ಧಕ್ಕರ್ಧ ನಿಮ್ಮ ಕಿವೀನೇ ಆಗೋಗಿತ್ತು.

ಆಮೇಲೆ... ರಿವ್ಯೂ ಬಂತು. ಹೆಡ್ ಆಫೀಸಿನವರು. ನೋಡಿ ಮೆಚ್ಚಿ, ಇನ್ಮೇಲೆ ಪಂಪ್ ಹೌಸ್ ರೌಂಡೇ ಬೇಡ, ಕಂಪ್ಯೂಟರ್ ನೋಡ್ಕೊಳ್ಳುತ್ತೆ ಅಂದ್ರು. ನಿಮ್ಮನ್ನ ಏಸಿ ಕಂಟ್ರೋಲ್ ರೂಮಲ್ಲಿ ಕೂರಿಸಿದ್ರು. ಮೂರು ವಾರ ಎರಡನೇ ಪಂಪು ಅಲ್ಲಿ ನರಳ್ತಿತ್ತು, ಇಲ್ಲಿ ಪರದೆ ಹಸಿರಾಗಿತ್ತು. ಅದಕ್ಕೆ ಆ ನರಳೋ ಸದ್ದು ಸುಳ್ಳು ಅಂತ ಹೇಳಿಕೊಟ್ಟಿದ್ವಲ್ಲ... ಹೇಳಿಕೊಟ್ಟಿದ್ರಲ್ಲ ಯಾರೋ. ಹೇಳಿಕೊಟ್ಟಿದ್ದನ್ನ ಅದು ಶ್ರದ್ಧೆಯಿಂದ ಕಲೀತು. ಅದರದ್ದೇನು ತಪ್ಪು?

ಆ ಫೋಟೋ... ಮೊಮ್ಮಗಳ ನಾಮಕರಣದ್ದಾ? ಎಷ್ಟು ಮುದ್ದಾಗಿದಾಳೆ! ಪ್ರತ್ಯೂಷಾ ಅಂತ ಅಲ್ವಾ ಇಟ್ಟಿದ್ದು? ನೀವು ತೊಡೆ ಮೇಲೆ ಕೂರಿಸ್ಕೊಂಡು... ಹದಿನೇಳನೇ ತಾರೀಖು. ಕೆಳಗೆ ಬರ್ದಿದಾರಲ್ಲ.

ಇಲ್ಲ, ಏನಿಲ್ಲ. ಸುಮ್ನೆ ನೋಡ್ದೆ.

ಹೌದು. ಆ ಹನ್ನೊಂದನ್ನೂ ಸುಳ್ಳು ಅಂತ ಒತ್ತಿದ್ದು ಅದೇ ದಿನ. ನಾನೂ... ನಾನೂ ಅದನ್ನೇ ಯೋಚಿಸ್ತಿದ್ದೆ. ಅಂದ್ರೆ ಮಹಾಬಲಣ್ಣ, ನಿಮ್ಮ ಲಾಗಿನ್ ಯಾರೋ ಉಪಯೋಗಿಸಿರಬೇಕು. ರಿವ್ಯೂ ಹಿಂದಿನ ದಿನ ಅದು, ಪರದೆ ಮೇಲೆ ಒಂದೂ ಕೆಂಪು ಇರಬಾರದು ಅಂತ ಅಮೋಘ ಸರ್ ಎಲ್ಲರ ತಲೆ ತಿಂತಿದ್ರು. ನಾಲ್ಕೂ ಹತ್ತಕ್ಕೆ ಶುರು ಮಾಡಿ ನಾಲ್ಕೂ ಹದಿನಾರಕ್ಕೆ ಮುಗಿಸಿದಾರೆ. ಆರು ನಿಮಿಷದಲ್ಲಿ ಇನ್ನೂರ ಹನ್ನೆರಡು! ಎಲ್ಲಾ ಸುಳ್ಳು, ಸುಳ್ಳು, ಸುಳ್ಳು ಅಂತ. ಅದರಲ್ಲೇ ಈ ಹನ್ನೊಂದೂ...

ವರದೀಲಿ ಹೊತ್ತು ಬರ್ದಿಲ್ವಾ? ಹನ್ನೊಂದು ಅಂತ ಮಾತ್ರ ಇದೆಯಾ? ಅದು... ಕಂಪ್ಯೂಟರಿನ ಲಾಗ್ ನೋಡ್ದೆ ನಾನು ಆಮೇಲೆ. ನನ್ನ ಕೆಲಸಾನೇ ಅದಲ್ವಾ?

ಆ ಬಾಯ್ಲರ್ ಹೌಸಲ್ಲಿ ಯಾರು ಬೇಕಾದ್ರೂ ಬಂದು ಕೂರ್ತಿದ್ರು ಕಂಪ್ಯೂಟರ್ ಮುಂದೆ. ನಿಮ್ಮ ಹೆಲ್ಪರ್ ಧನಂಜಯ ಇರ್ತಿದ್ದ, ಶಿಫ್ಟಿನ ಹುಡುಗರು ಇರ್ತಿದ್ರು. ಯಾರೋ ಅವಸರಕ್ಕೆ ಬಿದ್ದು ಒತ್ತಿರ್ತಾರೆ. ಕೆಟ್ಟ ಉದ್ದೇಶ ಇರಲಿಕ್ಕಿಲ್ಲ. ಎರಡು ದಿನದಿಂದ ನಿದ್ದೆ ಇರಲಿಲ್ಲವೇನೋ. ನಿಮಗೆ ಫೋನ್ ಮಾಡೋಣ ಅಂತ ಎರಡು ಸಲ ಕೈಗೆ ತಗೊಂಡು, ಮಗು ಹೆಸರಿಡೋ ಹೊತ್ತಲ್ಲಿ ತೊಂದರೆ ಯಾಕೆ ಅಂತ ಕೆಳಗಿಟ್ಟಿರ್ತಾ... ಇಟ್ಟಿರ್ತಾರೆ. ನಾಳೆ ಬಂದ ಮೇಲೆ ಕೇಳಿ ಸರಿ ಮಾಡಿದ್ರಾಯ್ತು ಅಂದ್ಕೊಂಡಿರ್ತಾರೆ. ಆಮೇಲೆ ರಿವ್ಯೂ ಚೆನ್ನಾಗಾಯ್ತು, ಎಲ್ಲರೂ ಚಪ್ಪಾಳೆ ಹೊಡೆದ್ರು, ಹೆಡ್ ಆಫೀಸಿಗೆ ಬಾ ಅಂತ ಕರೆದ್ರು... ಕೇಳೋದು ಮರೆತೇ ಹೋಯ್ತು. ಮರೆತಿದ್ದಲ್ಲ. ಧೈರ್ಯ ಸಾಲ್ಲಿಲ್ಲ.

ನೀವು ಕೇಳ್ತಾನೇ ಇಲ್ಲ. ನಾನು ಬಂದು ಒಂದು ಗಂಟೆ ಆಗ್ತಾ ಬಂತು. ನಿಮ್ಮ ಹೆಸರಲ್ಲಿ ಯಾರೋ ಒತ್ತಿದಾರೆ ಅಂತ ಈಗ ತಾನೆ ನನ್ನ ಬಾಯಿಂದ್ಲೇ ಬಂತು. ಬೇರೆ ಯಾರೇ ಆಗಿದ್ರೂ ಎದ್ದು ನಿಂತು ಕೂಗ್ತಿದ್ರು, ಯಾರು ಅದು, ಯಾರು ಅಂತ. ನೀವು ಕೇಳ್ತಿಲ್ಲ. ವಿಚಾರಣೇಲೂ ಕೇಳ್ಲಿಲ್ಲ! ನಾನು ಹೊರಗೆ ಬೆಂಚ್ ಮೇಲೆ ಕೂತಿದ್ದೆ, ಎಲ್ಲಾ ಕೇಳಿಸ್ತಿತ್ತು. ನಾನು ಅವತ್ತು ರಜದಲ್ಲಿದ್ದೆ ಸ್ವಾಮಿ, ಗೇಟಿನ ಪಂಚಿಂಗ್ ತೆಗೆದು ನೋಡಿ ಅಂತ ಒಂದು ಮಾತು ಅಂದಿದ್ರೆ ಸಾಕಿತ್ತು. ನೀವು ಅನ್ಲಿಲ್ಲ. ಹೊರಗೆ ಬಂದು ನನ್ನ ನೋಡಿ 'ಊಟ ಆಯ್ತಾ' ಅಂದ್ರಿ.

ಮರೆವು ಅಂದ್ಕೊಂಡೆ ನಾನು! ವಯಸ್ಸಾಯ್ತು, ತಾರೀಖು ನೆನಪಿಲ್ಲ ಪಾಪ ಅಂತ... ಬದುಕಿದೆ ಅಂದ್ಕೊಂಡೆ. ಎಂಥಾ ಜನ್ಮ ನಂದು! ಈ ಕಾಗದ ಕೂಡ ಆ ಧೈರ್ಯದ ಮೇಲೇ ಹಿಡ್ಕೊಂಡು ಬಂದಿದ್ದು. ಕಿವಿ ಮಂದ ಅನ್ನೋ ಮಾತು ಅಮೋಘ ಸರ್ ಬರೆದಿದ್ದಲ್ಲ ಮಹಾಬಲಣ್ಣ. ಏನು ಕಾರಣ ಕೊಡೋದು ಅಂತ ಅವರು ಕೇಳಿದ್ರು. ನಾನು ಹೇಳಿಕೊಟ್ಟಿದ್ದು.

ಕೇಳಿ. ಯಾರು ಅಂತ ಒಂದ್ಸಲ ಕೇಳಿ ನನ್ನ. ಕೇಳಿದ್ರೆ ಏನು ಹೇಳ್ಬೇಕು ಅಂತ ಟ್ರೈನಲ್ಲಿ ಬಾಯಿಪಾಠ ಮಾಡ್ಕೊಂಡು ಬಂದಿದೀನಿ. ಧನಂಜಯನ ಹೆಸರು ಹೇಳ್ತಿದ್ದೆ. ಹೌದು, ಅಷ್ಟು ಕೆಳಗೆ ಇಳಿದಿದೀನಿ. ನೀವು ಕೇಳಿದ್ರೆ ಸುಳ್ಳು ಹೇಳಿ ಸಹಿ ಹಾಕಿಸ್ಕೊಂಡು ಹೋಗ್ತಿದ್ದೆ. ನೀವು ಹೀಗೆ ಸುಮ್ನೆ ನನ್ನೇ ನೋಡ್ತಾ ಕೂತ್ರೆ ನಾನೇನು ಹೇಳ್ಲಿ?

ಮಹಾಬಲಣ್ಣ...

ಬೈಯಿರಿ. ಎದ್ದು ಆಚೆ ನಡಿ ಅನ್ನಿ.

ನಿಮ್ಮ ಪಾಸ್‌ವರ್ಡ್ ನನ್ನೊಬ್ಬಳ ಹತ್ರ ಮಾತ್ರ ಇತ್ತು. ಅಲ್ವಾ? ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಮೊದಲನೇ ದಿನದಿಂದ್ಲೂ ಗೊತ್ತಿತ್ತು ನಿಮಗೆ. ನಾನೇ ಬಂದು ಹೇಳ್ತೀನಿ ಅಂತ ಎರಡು ತಿಂಗಳು ಕಾದಿದೀರಿ, ನಾನು ಕಾಗದ ತಂದೆ.

ಕೊಡಿ ಅದನ್ನ. ಸಹಿ ಬೇಡ, ಪೆನ್ನು ಕೆಳಗಿಡಿ. ಕೊಡಿ ಅಂದೆ! ಸೋಮವಾರ ಆ ಆಫೀಸಿಗೆ ನಾನು ಹೋಗ್ತೀನಿ, ಬೇರೆ ಕಾಗದ ಬರ್ಕೊಂಡು. ಈಗಲೂ ಹೆದರಿಕೆ ಆಗ್ತಿದೆ...

ಚಿತ್ರಾ! ಒಂದ್ನಿಮಿಷ ಬರ್ತೀಯಾ ಈಚೆ? ಕಾಫಿ ಆಮೇಲೆ, ಮೊದಲು ಬಾ. ನಿಮ್ಮಪ್ಪ ಹೇಳಲ್ಲ, ನಾನು ಹೇಳ್ತೀನಿ ಕೇಳು. ಅವರ ಕಿವಿಗೆ ಏನೂ ಆಗಿಲ್ಲ ಕಣಮ್ಮ. ಅವತ್ತು ಅವರು ಇಲ್ಲಿದ್ರು, ನಿನ್ನ ಮನೇಲಿ. ಒತ್ತಿದ್ದು ನಾನು.