ಬಾನೆಟ್ ಒಳಗಿನ ಚೀಟಿ

…ಅಲ್ಲ ಮೇಸ್ತ್ರಿ, ಕೈ ಎತ್ತಬೇಡಿ. ಬ್ಯಾಂಡೇಜ್ ಒದ್ದೆಯಾದ್ರೆ ಲೂಸಿಂಗಕ್ಕ ಬೈಯೋದು ನನ್ನನ್ನ, ತನ್ನ ಗಂಡ ನಿಮ್ಮನ್ನಲ್ಲ. ಗಂಜಿ ನಾನೇ ಕುಡಿಸ್ತೀನಿ, ಬಾಯಿ ತೆಗೀರಿ. ಸಾಕಾ? ಎರಡೇ ಚಮಚಕ್ಕೆ ಮುಖ ತಿರುಗಿಸಿದ್ರೆ ಹೇಗೆ…

ಸೆಕೆ, ಅಲ್ವಾ. ಇಡೀ ಇಲೊಯ್ಲೊ ಊರಿನ ಕಾರುಗಳನ್ನ ತಣ್ಣಗೆ ಮಾಡಿದೋರು ನೀವು, ನಿಮ್ಮನೇಲಿ ನೋಡಿದ್ರೆ ಕತ್ತು ತಿರುಗಿಸದ ಈ ಟೇಬಲ್ ಫ್ಯಾನು. ನಗಬೇಡಿ, ಸುಟ್ಟ ತುಟಿ ಒಡೀತದೆ. …ನಕ್ಕಿಲ್ವಾ. ಸರಿ.

ಎಲ್ಲಾ ಆ ಟೀಚರ್ ಅಮೊರ್ ಕಾರಿಂದ. ಇಪ್ಪತ್ತು ವರ್ಷದ ಗಾಡಿ, ಅದರ ಏಸಿಗೆ ಬೇಕಾದ ಹಳೇ ಗ್ಯಾಸು ಈಗ ಎಲ್ಲೂ ಸಿಗಲ್ಲ. ಹೊಸ ಗ್ಯಾಸಿಗೆ ಪೈಪು, ವಾಷರು, ಕಂಪ್ರೆಸರ್ ಎಣ್ಣೆ, ಎಲ್ಲಾ ಬದಲಾಯಿಸ್ಬೇಕು. ಅವರಮ್ಮನ್ನ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು. ಹಿಂದಿನ ಸೀಟಲ್ಲಿ ಆ ಮುದುಕಿ ಬೆವರಿ ಬಸವಳಿದು ಕೂತಿರೋದು ನೋಡೋಕಾಗ್ಲಿಲ್ಲ ನನಗೆ. ಅದಕ್ಕೆ… ಏನೋ ಒಂದು ಹಾಕ್ದೆ. ಏನು ಅನ್ನೋದು ಈಗ ಬಿಡಿ. ಎರಡು ತಿಂಗಳು ಚೆನ್ನಾಗೇ ತಂಪಾಗಿತ್ತು.

ಮೊನ್ನೆ ನಾನು ಊಟಕ್ಕೆ ಹೋಗಿದ್ದೆ. ಟೀಚರ್ ಬಂದು ತಣ್ಣಗಾಗ್ತಿಲ್ಲ ಅಂದ್ರಂತೆ. ನೀವು ನನ್ನನ್ನ ಕಾಯೋದು ಬಿಟ್ಟು, ಸೋರಿಕೆ ಹುಡುಕೋಕೆ ಆ ಹಳೇ ದೀಪ ಹಚ್ಚಿದ್ರಿ. ಉರಿ ಹಸಿರಾದ ಕಡೆ ಸೋರ್ತಿದೆ ಅಂತ ನನಗೂ ನೀವೇ ಕಲಿಸಿದ್ದು, ನಿಜ… ಆದ್ರೆ ಈ ಕಾಲದಲ್ಲಿ ಯಾರು ಬೆಂಕಿ ಹಿಡೀತಾರೆ? ಸೋಪಿನ ನೊರೆ ಸಾಕಿತ್ತು. ಪೆಟ್ರೋಲ್ ಪೈಪ್ ಬೇರೆ ಹಳೇದು, ಅದೇ ಹತ್ಕೊಂಡಿರ್ಬೇಕು. ಎಲ್ಲರಿಗೂ ಹಾಗೇ ಹೇಳಿದೀನಿ.

ಫ್ಯಾನ್ ಕಡೆ ಏನು ನೋಡ್ತೀರಿ?

ಓ. ಅದಕ್ಕೂ ಟೇಪ್ ಅಂಟಿಸಿದೀರಾ. "ಹೊಲಿಗೆ ಮಿಷನ್ ಎಣ್ಣೆ, ಏಪ್ರಿಲ್." ಏನೇ ಹಾಕಿದ್ರೂ ಬರೆದು ಅಂಟಿಸು, ನಾಳೆ ಇನ್ಯಾರೋ ಕೈ ಹಾಕ್ತಾರೆ… ಹತ್ತು ವರ್ಷ ಅದನ್ನೇ ಹೇಳಿದ್ರಿ ನನಗೆ.

ಬಾನೆಟ್ ಎತ್ತಿದ ಕೂಡ್ಲೇ ನೀವು ಚೀಟಿ ನೋಡಿರ್ತೀರಿ, ಅಲ್ವಾ. ನಿಮ್ಮದೇ ಅಕ್ಷರ. ಹಳೇ ಗ್ಯಾಸು, ಇಷ್ಟು ತೂಕ. ಆ ಗ್ಯಾಸು ಹತ್ಕೊಳ್ಳಲ್ಲ, ಅದನ್ನ ನಂಬಿಯೇ ದೀಪ ಹಚ್ಚಿದ್ರಿ. ನಾನು ಅದನ್ನ ಕೀಳಲಿಲ್ಲ. ಕಿತ್ತು ಹೊಸದು ಬರೆದಿದ್ರೆ ನಿಮಗೆ ಗೊತ್ತಾಗ್ತಿತ್ತು, ಆವತ್ತೇ ನನ್ನನ್ನ ಅಂಗಡಿಯಿಂದ ಹೊರಗೆ ಹಾಕ್ತಿದ್ರಿ.

ಅಡುಗೆ ಗ್ಯಾಸು ಮೇಸ್ತ್ರಿ. ಒಲೆಗೆ ಹಾಕ್ತೀವಲ್ಲ, ಅದೇ. ಸೋರಿದ್ರೆ ಎಂಥೋರಿಗೂ ವಾಸನೆ ಬರತ್ತೆ. ನಿಮಗೆ ವಾಸನೆ ತಿಳಿಯಲ್ಲ ಅಂತ ನನಗೆ ಗೊತ್ತಿತ್ತು. ಆ ಧೈರ್ಯದ ಮೇಲೇ ಹಾಕಿದ್ದು.

ಬೈದುಬಿಡಿ. ಹಾಗೆ ನೋಡ್ತಾ ಇರಬೇಡಿ, ಸುಸ್ತಾಗಿದೆ ನನಗೆ, ಮೂರು ದಿನದಿಂದ ನಿದ್ದೆ ಇಲ್ಲ…

ಇನ್ನೂ ಏನು? ಎಲ್ಲಾ ಹೇಳಿದ್ನಲ್ಲ.

…ಆರು. ಅದೇ ಗ್ಯಾಸು ಹಾಕಿದ ಇನ್ನೂ ಆರು ಗಾಡಿ ಇವೆ ಮೇಸ್ತ್ರಿ. ಆರರಲ್ಲೂ ನಿಮ್ಮ ಕೈಬರಹದ ಚೀಟಿನೇ ಇದೆ.